ಒಂದು ಕೋಲು ಕಡಿಮೆ ಇದ್ದ ತೊಟ್ಟಿಲು

ನಮ್ಮ ಮನೆಯ ಚಾವಡಿಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ ಇದೆ. ಈಗ ಅದರಲ್ಲಿ ಬಾಳೆಗೊನೆ ನೇತಾಡುತ್ತದೆ. ಮನೆಯವರಿಗೆಲ್ಲ ಅದರ ಕೆಳಗೆ ತಲೆ ತಗ್ಗಿಸಿ ನಡೆದು ಅಭ್ಯಾಸ. ಹೊಸಬರ ಹಣೆಗೆ ಮಾತ್ರ ಅದು ಒಮ್ಮೆ ತಾಗಿಯೇ ತಾಗುತ್ತದೆ. ಕಳೆದ ಶನಿವಾರ ಸಂಜೆ ತಾಗಿದ್ದು ವಾಸುದೇವ ಮಾಸ್ಟ್ರಿಗೆ. ನಮ್ಮ ಶಾಲೆಗೆ ಈ ವರ್ಷ ವಿಜ್ಞಾನ ಕಲಿಸಲು ಬಂದವರು, ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವರು. ಹಣೆ ಉಜ್ಜಿಕೊಳ್ಳುತ್ತ ಕುಳಿತು, ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದರು. ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ್ದು. ಮೊದಲ ಮಗುವನ್ನು ಎದುರು ನೋಡುವ ತಂದೆತಾಯಿಗಳು ಮುಂಚಿತವಾಗಿ ಕೊಂಡಿಡಬೇಕಾದ ಇಪ್ಪತ್ತೆರಡು ವಸ್ತುಗಳು.

ಅವರ ಹೆಂಡತಿ ನೆರಿಯ ಎಂಬ ಊರಿನವಳು. ಬಸಿರಿಗೆ ಏಳು ತಿಂಗಳಾಗಿ ತವರಿಗೆ ಹೋಗಿದ್ದಾಳೆ. ಆ ಮನೆಯವರು, ಮಗು ಬರುವ ಮೊದಲು ಒಂದು ಸಾಮಾನನ್ನೂ ಕೊಳ್ಳಬಾರದು ಎಂದು ಹೇಳಿ ಕಳಿಸಿದ್ದಾರಂತೆ. ವಾಸುದೇವ ಮಾಸ್ಟ್ರಿಗೆ ಅದು ಸರಿಹೋಗಿಲ್ಲ.

"ಸಾರ್, ನೀವು ಇಂಥದ್ದನ್ನೆಲ್ಲ ನಂಬುವವರಲ್ಲ ಅಂತ ಶಾಲೆಯಲ್ಲಿ ಎಲ್ಲರೂ ಹೇಳ್ತಾರೆ. ಅದಕ್ಕೇ ಬಂದೆ. ಇದರಲ್ಲಿ ಮೊದಲು ಯಾವುದು ತೆಗೆದುಕೊಳ್ಳುವ?"

ನನಗೆ ಸುಸ್ತಾಗಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಕಾಗದಗಳ ಕಟ್ಟು ಕಾಲ ಬಳಿ ಬಿದ್ದಿತ್ತು. ಒಳಗೆ ಚಿಕ್ಕವನು ಯಾವುದೋ ಕಾರಣಕ್ಕೆ ಅಳುತ್ತಿದ್ದ, ದೊಡ್ಡವರಿಬ್ಬರು ಕಾರಣ ತಾವಲ್ಲ ಎಂದು ಸಾಧಿಸುತ್ತಿದ್ದರು. ಮೂರು ಮಕ್ಕಳ ತಂದೆಗೆ ಶನಿವಾರ ಸಂಜೆ ಯಾವ ಸಿದ್ಧಾಂತವೂ ಇರುವುದಿಲ್ಲ. ಆದರೂ ಕಾಗದ ಕೈಗೆ ತೆಗೆದುಕೊಂಡು ಓದಿದೆ. ಓದುತ್ತಿದ್ದಂತೆ ಇದನ್ನು ಹಿಂದೆಯೇ ಓದಿದ್ದೇನೆ ಅನ್ನಿಸಿತು. ಓದಿದ್ದಲ್ಲ, ಬರೆದಿದ್ದೆ. ನನ್ನದು ಹದಿನೇಳು ವಸ್ತುಗಳ ಪಟ್ಟಿ. ಹದಿನೇಳೋ ಹತ್ತೊಂಬತ್ತೋ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ಸ್ವಲ್ಪ ಹುಷಾರಾಗಿಯೇ ಓದಿ.

ನಾನು ಮದ್ರಾಸಿನಲ್ಲಿ ಚರಿತ್ರೆ ಓದಿ ಬಂದವನು. ನಮ್ಮ ಜಿಲ್ಲೆಯೂ ಆಗ ಮದ್ರಾಸಿಗೇ ಸೇರಿತ್ತು. ಮೂಡುಬಿದಿರೆಯ ನಮ್ಮ ಬೀದಿಯಲ್ಲಿ ಅಷ್ಟು ದೂರ ಹೋಗಿ ಓದಿದವನು ನಾನೊಬ್ಬನೇ ಆದ್ದರಿಂದ, ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರ ನಂಬಿಕೆಯನ್ನು ಅಲುಗಾಡಿಸದೆ ಹಿಂದೆ ಹೋಗುತ್ತಿರಲಿಲ್ಲ. ಆಧಾರ ಎಲ್ಲಿದೆ ಎಂಬುದು ನನ್ನ ಮಾತಿನ ಮುಕ್ತಾಯವಾಗಿತ್ತು. ಅಮ್ಮ ಒಮ್ಮೆ, ನೀನು ನನ್ನ ಮಗ ಎಂಬುದಕ್ಕೂ ಆಧಾರ ತರಬೇಕಾ ಎಂದು ಕೇಳಿ ಊಟಕ್ಕೆ ಬಡಿಸಿದ್ದರು. ನಮ್ಮದು ಜೈನರ ಮನೆ. ಸಂಜೆಯ ಊಟ ಬೆಳಕಿರುವಾಗಲೇ ಮುಗಿಯಬೇಕು. ಹಾಗಾಗಿ ನನ್ನ ವಾದಗಳಿಗೂ ಸೂರ್ಯಾಸ್ತದ ಗಡಿ ಇತ್ತು.

ಬಂಟ್ವಾಳದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ, ಲಾಯಿಲದ ಸುನಂದೆಯ ಜೊತೆ ಮದುವೆಯಾಗಿ, ಪೇಟೆಯ ಮೇಲಿನ ಗುಡ್ಡದ ಬಾಡಿಗೆ ಮನೆಗೆ ಬಂದ ಎರಡನೆಯ ವರ್ಷ ಅವಳು ಬಸುರಿಯಾದಳು. ಏಳನೆಯ ತಿಂಗಳಲ್ಲಿ ಬಯಕೆಯ ಶಾಸ್ತ್ರ ಮುಗಿಸಿ ತವರಿಗೆ ಕರೆದುಕೊಂಡು ಹೋಗಲು ಅವಳ ಅಮ್ಮ ಬಂದಿದ್ದರು. ಬಸ್ಸಿಗೆ ಕಾಯುತ್ತಿರುವಾಗ ಸುನಂದೆ ನನ್ನನ್ನು ಸ್ವಲ್ಪ ಬದಿಗೆ ಕರೆದಳು.

"ಮಗು ಅಳುವುದು ನಿಮ್ಮ ಕಿವಿಗೆ ಬೀಳುವವರೆಗೆ ಏನೂ ತರಬಾರದು. ಒಂದು ನೂಲು ಕೂಡ."

ನಾನು ನಕ್ಕಿರಬೇಕು. ನಕ್ಕೆ ಎಂದು ಅವಳು ಈಗಲೂ ಹೇಳುತ್ತಾಳೆ. ಅವಳು ನಗಲಿಲ್ಲ. ಅವಳ ಅಕ್ಕನಿಗೆ ಎರಡು ಮಕ್ಕಳು ಕಣ್ಣು ಬಿಡುವ ಮೊದಲೇ ಹೋಗಿದ್ದವು. ಎರಡನೆಯದಕ್ಕೆ ಭಾವ ಮುಂಚಿತವಾಗಿಯೇ ಮಂಗಳೂರಿನಿಂದ ಬಣ್ಣದ ತೊಟ್ಟಿಲು ತಂದಿದ್ದರು. ಒಂದು ತಿಂಗಳು ಅದು ಲಾಯಿಲದ ಮನೆಯ ಚಾವಡಿಯಲ್ಲಿ ತೂಗಿತ್ತು. ಈ ಎರಡು ಸಂಗತಿಗಳು ಒಂದಕ್ಕೊಂದು ಕಾರಣ ಅಲ್ಲ ಎಂದು ನಾನು ವಿವರಿಸತೊಡಗಿದೆ. ಅವಳು ನಡುವೆಯೇ ತಡೆದಳು.

"ಖಾಲಿ ತೊಟ್ಟಿಲನ್ನು ಬಿಚ್ಚಿ ಹೊರಗೆ ತೆಗೆಯುವುದನ್ನು ನೀವು ನೋಡಲಿಲ್ಲ. ಮಾತು ಕೊಡಿ."

ಬಸ್ಸು ಬಂತು. ಮಾತು ಕೊಟ್ಟೆ.

ಆಮೇಲೆ ಮನೆಯಲ್ಲಿ ನಾನೊಬ್ಬನೇ. ಸುಮ್ಮನೆ ಕುಳಿತುಕೊಳ್ಳಲು ಬಾರದವನು ನಾನು. ಈಗಲೂ ಓದುವಾಗ ಎಡಗಾಲು ಅಲ್ಲಾಡುತ್ತಿರುತ್ತದೆ. ಮದ್ರಾಸಿನಲ್ಲಿ ಹಳೆ ಪುಸ್ತಕದವನ ಬಳಿ ಕೊಂಡಿದ್ದ, ಶಿಶುಪಾಲನೆಯ ಬಗ್ಗೆ ಇಂಗ್ಲಿಷಿನ ಒಂದು ಪುಸ್ತಕವಿತ್ತು. ಮದುವೆಗೆ ಮೊದಲೇ ಅದನ್ನೇಕೆ ಕೊಂಡಿದ್ದೆನೋ, ಆಧಾರವಿಲ್ಲ. ಅದನ್ನು ಎದುರಿಗಿಟ್ಟು ಪಟ್ಟಿ ಬರೆದೆ. ರಬ್ಬರಿನ ಹಾಸು, ಗಾಜಿನ ಹಾಲಿನ ಬಾಟಲಿ, ಮಗುವಿನ ಪೌಡರು, ಸ್ನಾನದ ನೀರಿನ ಬಿಸಿ ನೋಡುವ ಗಾಜಿನ ಕೊಳವೆ. ಉಣ್ಣೆಯ ಕಾಲುಚೀಲ ಆರು ಜೊತೆ, ಬಂಟ್ವಾಳದ ಸೆಕೆಗೆ. ನಾಲ್ಕು ಚಕ್ರದ ದೂಡುವ ಗಾಡಿಯನ್ನು ಮಾತ್ರ ಬಿಟ್ಟೆ. ಅದನ್ನು ದೂಡಲು ಬೇಕಾದ ಸಮತಟ್ಟಾದ ನೆಲ ನಮ್ಮ ತಾಲೂಕಿನಲ್ಲಿ ಇರಲಿಲ್ಲ.

ಪಟ್ಟಿ ಹಿಡಿದು ಜವಳಿ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರಿಗೆ ನನ್ನ ಗುರುತಿತ್ತು, ಅವರ ಮೊಮ್ಮಗಳು ನನ್ನ ಕ್ಲಾಸಿನಲ್ಲಿದ್ದಳು. ಮಗುವಿನ ಅಂಗಿಗೆ ಮೃದುವಾದ ಬಟ್ಟೆ ಬೇಕು ಎಂದಾಗ ಖುಷಿಯಲ್ಲಿ ಮೂರು ಥಾನು ಬಿಚ್ಚಿ ಹಾಸಿದರು. ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿದರು. ಇನ್ನೂ ಹುಟ್ಟಿಲ್ಲ, ಮಳೆಗಾಲದಲ್ಲಿ, ಆಟಿ ತಿಂಗಳ ಕೊನೆಗೆ ಎಂದೆ. ಅವರು ಬಟ್ಟೆಯನ್ನು ಹಿಂದೆ ಸುತ್ತತೊಡಗಿದರು.

"ಬಟ್ಟೆ ಎಲ್ಲಿಗೆ ಹೋಗ್ತದೆ ಮಾಸ್ಟ್ರೆ? ಇಲ್ಲೇ ಉಂಟಲ್ಲ. ಮಗು ಬರಲಿ, ಆಮೇಲೆ ನೀವು ಬನ್ನಿ."

ಮದ್ರಾಸಿನಲ್ಲಿ ಅರ್ಥಶಾಸ್ತ್ರವನ್ನೂ ಒಂದು ವರ್ಷ ಓದಿದ್ದೆ. ಕೈಗೆ ಬಂದ ವ್ಯಾಪಾರವನ್ನು ಹಿಂದೆ ಕಳಿಸುವ ವರ್ತಕ ಅದರಲ್ಲಿ ಎಲ್ಲಿಯೂ ಬರುವುದಿಲ್ಲ. ಇನ್ನೆರಡು ಅಂಗಡಿಗಳಲ್ಲೂ ಹೀಗೆಯೇ ಆಯಿತು. ಮಾತು ಮಾತ್ರ ಬೇರೆ. ಒಬ್ಬರು ಸರಕು ಮುಗಿದಿದೆ ಎಂದರು, ಸರಕು ಅವರ ತಲೆಯ ಮೇಲೆಯೇ ಕಾಣುತ್ತಿತ್ತು. ಮಾತು ಮುರಿಯಬೇಕೆಂದು ಹೊರಟವನಿಗೆ ಊರೇ ಮುರಿಯಲು ಬಿಡಲಿಲ್ಲ. ಅದರಿಂದ ನನ್ನ ಹಟ ಹೆಚ್ಚಿತು. ಮನೆಗೆ ಬಂದು ಚಾವಡಿಯ ತೊಲೆಗೆ ಈ ಕೊಂಡಿಯನ್ನು ನಾನೇ ಬಡಿದೆ. ಯಾಕೆ ಎಂದು ಮನೆಯ ಯಜಮಾನರು ಕೇಳಿದಾಗ, ಬಾಳೆಗೊನೆ ನೇತುಹಾಕಲು ಎಂದೆ. ಆಗ ಹೇಳಿದ ಸುಳ್ಳು ಈಗ ನಿಜವಾಗಿ ತೂಗುತ್ತಿದೆ.

ಕೊನೆಗೆ ಹೊಳೆಯ ಬದಿಯಲ್ಲಿದ್ದ ಬಾಬು ಆಚಾರಿಯ ಕೊಟ್ಟಿಗೆಗೆ ಹೋದೆ. ಕುರ್ಚಿ, ಮಣೆ, ನೇಗಿಲು ಎಲ್ಲ ಮಾಡುವವರು. ತೊಟ್ಟಿಲು ಎಂದ ಕೂಡಲೇ ಅವರೂ ಅದೇ ಪ್ರಶ್ನೆ ಕೇಳಿದರು. ನನಗೆ ಸಿಟ್ಟು ಬಂದು, ಮರಕ್ಕೂ ಮಗುವಿನ ಆಯುಷ್ಯಕ್ಕೂ ಏನು ಸಂಬಂಧ ಎಂದು ಸುಮಾರು ಹೊತ್ತು ಮಾತಾಡಿದೆ. ಆಚಾರಿ ಉಳಿ ಮಸೆಯುತ್ತ ಪೂರ್ತಿ ಕೇಳಿದರು.

"ಮಾಡಿ ಕೊಡುವ ಮಾಸ್ಟ್ರೆ. ಆದರೆ ಒಂದು ಕೋಲು ಹಾಕುವುದಿಲ್ಲ. ನನ್ನ ಅಪ್ಪ ಹೇಳಿಕೊಟ್ಟದ್ದು ಹಾಗೆ. ಮಗು ಬಂದ ಸುದ್ದಿ ತನ್ನಿ, ಕೋಲು ಹಾಕ್ತೇನೆ. ಅಲ್ಲಿಯವರೆಗೆ ಅದು ತೊಟ್ಟಿಲಲ್ಲ, ಬರೀ ಮರ."

ನನಗೆ ಬಹಳ ಸಮಾಧಾನವಾಯಿತು. ಮೂಢನಂಬಿಕೆಯನ್ನು ಬಯ್ಯಲು ಹೋದವನಿಗೆ ಅದರ ಸಂದಿಯಲ್ಲೇ ನುಸುಳಲು ದಾರಿ ಸಿಕ್ಕಿತ್ತು. ತೊಟ್ಟಿಲು ಅಲ್ಲದ ಮೇಲೆ ಕೊಂಡಂತೆಯೂ ಅಲ್ಲ, ಕೊಂಡಿಲ್ಲದ ಮೇಲೆ ಸುನಂದೆಗೆ ಕೊಟ್ಟ ಮಾತೂ ಉಳಿಯಿತು. ಹಲಸಿನ ಮರದ ಚೆಂದದ ಕೆಲಸ. ಎರಡು ಬದಿಗೂ ಕಡೆದ ಕೋಲುಗಳು, ಹಳದಿ ಬಣ್ಣ. ಒಂದು ಬದಿಯ ನಡುವೆ ಬಿದ್ದ ಹಲ್ಲಿನಂತೆ ಒಂದು ಸಂದು. ಶಾಲೆ ಬಿಟ್ಟ ಮೇಲೆ ದಿನವೂ ಅಲ್ಲಿಗೆ ಹೋಗಿ ಅದನ್ನು ಮುಟ್ಟಿ ಬರುತ್ತಿದ್ದೆ.

ಆ ವರ್ಷದ ಆಟಿಯಲ್ಲಿ ನೇತ್ರಾವತಿ ಪೇಟೆಗೆ ಬಂತು. ಬಂಟ್ವಾಳದವರಿಗೆ ನೆರೆ ಹೊಸದಲ್ಲ. ನೀರು ಅಂಗಡಿಯ ಮೆಟ್ಟಲು ಮುಟ್ಟಿದರೆ ಸಾಮಾನನ್ನು ಅಟ್ಟಕ್ಕೆ ಏರಿಸುತ್ತಾರೆ, ಇಳಿದರೆ ತೊಳೆಯುತ್ತಾರೆ. ಆ ಸಲ ಅಟ್ಟಕ್ಕೂ ಏರಿತು. ನಾನು ಗುಡ್ಡದ ಮೇಲೆ ಹತ್ತಾರು ಜನರ ನಡುವೆ ಕೊಡೆ ಹಿಡಿದು ನಿಂತು ನೋಡಿದೆ. ಸಹಾಯಕ್ಕೆ ಇಳಿದವರಲ್ಲಿ ನಾನಿರಲಿಲ್ಲ. ನನಗೆ ಈಜು ಬಾರದು ಎಂಬುದು ನಿಜ, ಆದರೆ ಇಳಿದವರಲ್ಲಿ ಹಲವರಿಗೂ ಬರುತ್ತಿರಲಿಲ್ಲ.

ಲಾಯಿಲಕ್ಕೆ ಹೋಗುವ ಬೆಳ್ತಂಗಡಿಯ ರಸ್ತೆ ಮೂರು ದಿನ ಕಡಿದಿತ್ತು. ನಾಲ್ಕನೆಯ ದಿನ ಬಂದ ಮೊದಲ ಬಸ್ಸಿನ ಕಂಡಕ್ಟರು ಶಾಲೆಯ ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ ಸುದ್ದಿ ಹೇಳಿದರು. ಹೆಣ್ಣು ಮಗು. ದಿನ ತುಂಬುವ ಮೊದಲೇ, ನೆರೆ ಬಂದ ದಿನವೇ ಹುಟ್ಟಿದೆ. ಅದೇ ಬಸ್ಸು ಹಿಂದೆ ಹೋಗುವಾಗ ನಾನೂ ಹತ್ತಿದೆ. ಹೊಳೆಬದಿಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದೆ. ಆಚಾರಿಯ ಕೊಟ್ಟಿಗೆ ಇದ್ದಲ್ಲಿ ಕೆಸರು ಮಾತ್ರ ಕಾಣುತ್ತಿತ್ತು. ನನ್ನ ತೊಟ್ಟಿಲೂ ಹೋಯಿತು ಅಂದುಕೊಂಡೆ. ಬೇಸರ ಆಗಬೇಕಿತ್ತು. ಆದರೆ ಪತ್ತೆಯಾಗುವ ಭಯ ಹೋಯಿತಲ್ಲ ಎಂದು ಹಗುರವಾಯಿತು. ಆಗ ಆದದ್ದು ಹಾಗೆ, ಈಗ ಬರೆಯಲು ನಾಚಿಕೆಯಾಗುತ್ತದೆ.

ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ನಿಂತು ಮಗುವನ್ನು ನೋಡಿದೆ. ಪುಸ್ತಕದ ಚಿತ್ರದಲ್ಲಿ ಇದ್ದಂಥ ಮಗು ಅಲ್ಲ. ಮೊರದಂಥ ಗೆರಸೆಯಲ್ಲಿ ಹಳೆ ಬಟ್ಟೆ ಹಾಸಿ ಮಲಗಿಸಿದ್ದರು, ಗೆರಸೆಯ ಅರ್ಧವೂ ತುಂಬಿರಲಿಲ್ಲ. ಹಾಸಿದ್ದು ನನಗೆ ಗುರುತಾಯಿತು. ಮೂಡುಬಿದಿರೆಯಿಂದ ಅಮ್ಮ ಕಳಿಸಿದ್ದ ನನ್ನ ಅಜ್ಜನ ಪಂಚೆ. ನಮ್ಮಲ್ಲಿ ಮಗುವಿನ ಮೊದಲ ಬಟ್ಟೆ ಹೊಸತಾಗಿರಬಾರದು, ಹೆಚ್ಚು ಕಾಲ ಬಾಳಿದವರು ಉಟ್ಟದ್ದಾಗಬೇಕು. ಅಮ್ಮನ ಮರದ ಪೆಟ್ಟಿಗೆಯಲ್ಲಿ ಅಂಥ ಚಿಂದಿಗಳ ಒಂದು ಗಂಟು ಯಾವಾಗಲೂ ಇರುತ್ತಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಆ ಗಂಟಿಗೆ ತಲೆಯಿಟ್ಟು ಮಲಗುತ್ತಿದ್ದೆ. ಸಾವಿರ ಸಲ ಒಗೆದ ನೂಲಿನ ವಾಸನೆ, ಅದರೊಳಗೆ ಎಲ್ಲೋ ಕರ್ಪೂರ. ನನ್ನ ಪಟ್ಟಿಯಲ್ಲಿ ಹಳೆ ಪಂಚೆ ಇರಲಿಲ್ಲ. ಅದು ಅಂಗಡಿಯಲ್ಲಿ ಸಿಗುವುದಿಲ್ಲ.

ಮಗು ಹಾಲು ಚೀಪುತ್ತಿರಲಿಲ್ಲ. ಅದಕ್ಕೆ ಶಕ್ತಿ ಇರಲಿಲ್ಲ. ಅತ್ತೆ ತಾಯಿಹಾಲನ್ನು ಬೆಳ್ಳಿಯ ಒಳಲೆಗೆ ಹಾಕಿ, ಅದರ ಮೂತಿಯನ್ನು ತುಟಿಗೆ ತಾಗಿಸಿ ಹನಿಹನಿಯಾಗಿ ಬಿಡುತ್ತಿದ್ದರು. ಒಳಗೆ ಹೋದದ್ದು ಸ್ವಲ್ಪ, ಕಟವಾಯಿಯಲ್ಲಿ ಇಳಿದದ್ದೇ ಹೆಚ್ಚು. ಮೀಯಿಸಲು ಬರುತ್ತಿದ್ದ ಹೆಂಗಸು ಮಗುವಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಬೇರೆ ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು, ಅದೇ ನನ್ನ ಹೆದರಿಕೆಗೆ ಕಾರಣವಾಯಿತು. ಇನ್ನೊಂದು ಯೋಚನೆ ಅತ್ತೆಗೆ. ಮಗುವನ್ನು ಹಾಕುವ ತೊಟ್ಟಿಲು ನೆರಿಯದಿಂದ ಬರಬೇಕಿತ್ತು. ಅಲ್ಲಿ ಅವರ ಅಕ್ಕನ ಮನೆಯಲ್ಲಿ ಹನ್ನೊಂದು ಮಕ್ಕಳು ಮಲಗಿ ಎದ್ದ ತೊಟ್ಟಿಲು ಇತ್ತು. ಮಕ್ಕಳು ಬದುಕಿದ ತೊಟ್ಟಿಲನ್ನೇ ಕೇಳಿ ತರುವುದು ಆ ಮನೆಯ ಪದ್ಧತಿ. ಈಗ ಹಳ್ಳ ಉಕ್ಕಿ ನೆರಿಯದ ದಾರಿ ಕಡಿದುಹೋಗಿದೆ. ಹೆಸರಿಡುವ ದಿನ ಹತ್ತಿರ ಬರುತ್ತಿದೆ.

ಹೊರಡುವಾಗ ಸುನಂದೆ ಮಲಗಿದ್ದಲ್ಲಿಂದಲೇ ಕೇಳಿದಳು.

"ನೀವು ಏನೂ ತಂದಿಟ್ಟಿಲ್ಲವಲ್ಲ?"

"ಇಲ್ಲ" ಎಂದೆ.

ಬಂಟ್ವಾಳಕ್ಕೆ ಹಿಂದೆ ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದು ಲೆಕ್ಕ ನಡೆಯುತ್ತಿತ್ತು. ತೊಟ್ಟಿಲು ಮಾಡಿಸಿದ್ದು ಇಂಥ ದಿನ, ಮಗು ಅವಧಿಗೆ ಮೊದಲು ಹುಟ್ಟಿದ್ದು ಇಂಥ ದಿನ. ಒಂದು ಸಂಗತಿಯ ನಂತರ ಇನ್ನೊಂದು ನಡೆದರೆ ಮೊದಲನೆಯದೇ ಕಾರಣ ಎಂದು ಹೇಳಬಾರದು. ಹತ್ತನೆಯ ತರಗತಿಯವರಿಗೆ ನಾನೇ ಹೇಳಿಕೊಟ್ಟ ಪಾಠ. ಅಂದು ಬಸ್ಸಿನಲ್ಲಿ ಆ ಪಾಠವನ್ನು ನನಗೇ ಏಳೆಂಟು ಸಲ ಹೇಳಿಕೊಂಡೆ. ನಾನು ಒಳ್ಳೆಯ ವಿದ್ಯಾರ್ಥಿಯಾಗಿರಲಿಲ್ಲ.

ಎರಡು ದಿನ ಕಳೆದ ಮೇಲೆ ಬಾಬು ಆಚಾರಿ ಮನೆಯ ಅಂಗಳಕ್ಕೆ ಬಂದರು. ತಲೆಯ ಮೇಲೆ ತೊಟ್ಟಿಲು. ತೊಳೆದಿದ್ದರು, ಆದರೆ ಹಳದಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ಬಿದ್ದ ಹಲ್ಲಿನ ಸಂದು ಇರಲಿಲ್ಲ. ಅಲ್ಲಿ ಒಂದು ಅಡಕೆ ಮರದ ಸಲಾಕೆ, ಕಡೆಯದೆ, ಬಣ್ಣ ಹಚ್ಚದೆ, ಕತ್ತಿಯಲ್ಲಿ ಎರಡು ಏಟು ಕೆತ್ತಿ ಸಿಕ್ಕಿಸಿದ್ದು. ನನಗೆ ಮಗು ಹುಟ್ಟಿದ್ದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಕ್ಷಮಿಸಬೇಕು, ನಿಮ್ಮನ್ನು ಕೇಳದೆ ಕೋಲು ಹಾಕಿದೆ ಎಂದರು. ನೀರು ಏರಿದಾಗ ಪಕ್ಕದ ಮನೆಯ ಐಸಮ್ಮ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ಸೊಂಟದವರೆಗಿನ ನೀರಲ್ಲಿ ನಿಂತಿದ್ದಳಂತೆ. ಕೂಸನ್ನು ಕೈಯಲ್ಲಿ ಹಿಡಿದು ದಾಟುವ ಹಾಗಿರಲಿಲ್ಲ. ಆಚಾರಿಯ ಕಣ್ಣಿಗೆ ಬಿದ್ದದ್ದು ತೊಟ್ಟಿಲು. ಸಂದಿನಿಂದ ಕೂಸು ಜಾರೀತು ಎಂದು ಕೈಗೆ ಸಿಕ್ಕಿದ ಸಲಾಕೆ ಕೆತ್ತಿ ಹಾಕಿ, ಕೂಸನ್ನು ಮಲಗಿಸಿ, ಐಸಮ್ಮನ ಗಂಡನೂ ಅವರೂ ತಲೆಯ ಮೇಲೆ ಹೊತ್ತು ಅಕ್ಕಿ ಗಿರಣಿಯ ಎತ್ತರಕ್ಕೆ ದಾಟಿಸಿದರಂತೆ.

ನನ್ನ ಮಗುವಿನ ವಿಷಯ ಹೇಳಿದೆ. ಯಾಕೋ ಪೂರ್ತಿ ಹೇಳಿದೆ, ಕೊಟ್ಟ ಮಾತನ್ನೂ ಸೇರಿಸಿ. ಆಚಾರಿ, ಹಾಗಾದರೆ ಇದು ಈಗ ಮಗು ಮಲಗಿದ ತೊಟ್ಟಿಲು, ತೆಗೆದುಕೊಂಡು ಹೋಗಬಹುದು ಎಂದರು. ಮಗುವಿನ ಮನೆಗೆ ಖಾಲಿ ತೊಟ್ಟಿಲು ಒಯ್ಯಬಾರದು ಎಂದು ತಮ್ಮ ಮನೆಯಿಂದ ಅರೆಯುವ ಗುಂಡುಕಲ್ಲು ತಂದು ಅದರಲ್ಲಿ ಮಲಗಿಸಿದರು.

ಹೀಗೆ ಮದ್ರಾಸಿನ ಪದವೀಧರನೊಬ್ಬ ತೊಡೆಯ ಮೇಲೆ ತೊಟ್ಟಿಲಿಟ್ಟು, ತೊಟ್ಟಿಲಲ್ಲಿ ಕಲ್ಲಿಟ್ಟು, ಕಲ್ಲಿಗೆ ಹೆಗಲ ಮೇಲಿನ ಬೈರಾಸು ಹೊದಿಸಿ ಬೆಳ್ತಂಗಡಿಯ ಬಸ್ಸಿನಲ್ಲಿ ಕುಳಿತ. ತೊಟ್ಟಿಲನ್ನು ಬಸ್ಸಿನ ಮೇಲೆ ಹಾಕುವ ಎಂದು ಕಂಡಕ್ಟರು ಹೇಳಿದರು, ಕಲ್ಲು ಉರುಳುತ್ತದೆ ಎಂದೆ. ಹಾಗಾದರೆ ಒಳಗಿರುವವರಿಗೆ ಅರ್ಧ ಟಿಕೆಟು ಕೊಡಲಾ ಎಂದು ಕೇಳಿದರು. ಕೇಳಿದರೋ, ಆಮೇಲೆ ಶಾಲೆಯಲ್ಲಿ ಈ ಕಥೆ ಹೇಳುವಾಗ ನಾನೇ ಸೇರಿಸಿಕೊಂಡೆನೋ, ಖಚಿತವಿಲ್ಲ. ಪಕ್ಕದ ಸೀಟಿನ ಮುದುಕಿಯದ್ದು ಮಾತ್ರ ನಿಜ. ಬೈರಾಸಿನ ತುದಿ ಎತ್ತಿ ನೋಡಿದಳು. ಕಲ್ಲು ಕಂಡು ಅವಳಿಗೆ ಆಶ್ಚರ್ಯವೂ ಆಗಲಿಲ್ಲ, ನಗುವೂ ಬರಲಿಲ್ಲ. ಹಿಂದೆ ಮುಚ್ಚಿ, ತಿರುವಿನಲ್ಲಿ ಉರುಳದಂತೆ ಇಡೀ ದಾರಿ ಅದರ ಮೇಲೆ ಒಂದು ಕೈ ಇಟ್ಟುಕೊಂಡು ಕುಳಿತಳು.

ಲಾಯಿಲದ ಮನೆಯ ಮೆಟ್ಟಲಲ್ಲಿ ಅತ್ತೆ ನನ್ನನ್ನು ತಡೆದು ನಿಲ್ಲಿಸಿದರು. ತೊಟ್ಟಿಲನ್ನು ನೋಡಿದರು, ಕಲ್ಲನ್ನು ನೋಡಿದರು, ಎದ್ದ ಬಣ್ಣವನ್ನು ಬೆರಳಲ್ಲಿ ಮುಟ್ಟಿದರು.

"ಇದನ್ನು ಮಾಡಿಸಿದ್ದು ಯಾವಾಗ?"

ಮೊದಲೇ ಎಂದೆ. ಆಚಾರಿ, ಬಿಟ್ಟ ಕೋಲು, ನೆರೆ, ಐಸಮ್ಮನ ಕೂಸು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಒಳಗಿನ ಕೋಣೆಯಲ್ಲಿ ಸುನಂದೆಗೆ ಎಲ್ಲ ಕೇಳಿಸುತ್ತಿದೆ ಎಂದು ನನಗೆ ಗೊತ್ತಿತ್ತು. ಅತ್ತೆ ಇನ್ನೂ ದಾರಿ ಬಿಡಲಿಲ್ಲ.

"ಆ ಕೂಸು ಬದುಕಿ ಉಂಟಾ?"

"ಉಂಟು."

"ನೀವು ನೋಡಿದ್ದೀರಾ?"

"ನೋಡಿದ್ದೇನೆ" ಎಂದೆ.

ನಾನು ನೋಡಿರಲಿಲ್ಲ. ಆಚಾರಿ ಹೇಳಿದ್ದನ್ನು ಕೇಳಿದ್ದೆ, ಅಷ್ಟೇ. ಗಿರಣಿ ನಮ್ಮ ಮನೆಯಿಂದ ನೂರು ಹೆಜ್ಜೆ. ನೆರೆಗೆ ಮನೆ ಬಿಟ್ಟವರೆಲ್ಲ ಇನ್ನೂ ಅಲ್ಲೇ ಇದ್ದರು. ಬರುವ ಮೊದಲು ಹೋಗಿ ನೋಡಬಹುದಿತ್ತು. ಬಸ್ಸು ಹೊರಟೀತು ಎಂಬ ಆತುರದಲ್ಲಿ ಹೋಗಲಿಲ್ಲ ಎಂದು ನನ್ನನ್ನು ನಾನು ಒಪ್ಪಿಸಿಕೊಂಡಿದ್ದೇನೆ. ಹೋಗಿ, ಅಲ್ಲಿ ಅಂಥ ಕೂಸೇ ಇಲ್ಲದಿದ್ದರೆ, ಇದ್ದದ್ದು ಹೋಗಿದ್ದರೆ ಎಂದು ಹೆದರಿದ್ದೆ. ಇದು ಹೆಚ್ಚು ನಿಜ ಇರಬೇಕು.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ಒಳಗಿನಿಂದ ಸುನಂದೆಯ ಧ್ವನಿ ಬಂತು. ಒಳಗೆ ತನ್ನಿ, ಕಲ್ಲು ತೆಗೆಯಬೇಡಿ ಎಂದಳು.

ಹೆಸರಿಡುವ ದಿನ ಕಲ್ಲನ್ನು ಎತ್ತಿ ಮಗುವನ್ನು ಮಲಗಿಸಿದರು. ತೊಟ್ಟಿಲಿಗೆ ಹಾಕಿದ ಮೇಲೆಯೇ ಮಗು ಚೀಪತೊಡಗಿತು ಎಂದು ಅತ್ತೆ ಹೇಳುತ್ತಿದ್ದರು. ಅದಕ್ಕೆ ಎರಡು ದಿನ ಮೊದಲೇ ಎಂದು ನನ್ನ ನೆನಪು. ಬಾಣಂತಿಯನ್ನೇ ಕೇಳಿದರೆ, ನನಗೆ ಆಗ ನಿದ್ದೆಯೊಂದು ಬಿಟ್ಟು ಬೇರೆ ಏನೂ ನೆನಪಿಲ್ಲ ಎನ್ನುತ್ತಾಳೆ. ಆ ಮಗು ಈಗ ಒಂಬತ್ತನೆಯ ತರಗತಿ. ಚರಿತ್ರೆಯಲ್ಲಿ ಅಂಕ ಕಡಿಮೆ.

ವಿಚಿತ್ರವೆಂದರೆ, ಇತ್ತೀಚೆಗೆ ನನಗೆ ಒಂದು ಚಿತ್ರ ಕಾಣುತ್ತದೆ. ಗುಡ್ಡದ ಮೇಲೆ ಕೊಡೆಯ ಕೆಳಗೆ ನಿಂತಿದ್ದೇನೆ. ದೂರ ಕೆಂಪು ನೀರಿನಲ್ಲಿ ಎದೆಯವರೆಗೆ ಮುಳುಗಿದ ಇಬ್ಬರು, ಅವರ ತಲೆಗಳ ಮೇಲೆ ಹಳದಿಯಾದ ಏನೋ. ಸ್ಪಷ್ಟವಾಗಿ ಕಾಣುತ್ತದೆ. ಇದು ನಿಜವಾದರೆ ನಾನು ಅತ್ತೆಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಆಚಾರಿ ಕಥೆ ಹೇಳುವ ಮೊದಲಿನ ಆರೇಳು ದಿನಗಳಲ್ಲಿ ಈ ಚಿತ್ರ ನನ್ನಲ್ಲಿ ಇತ್ತೇ? ಬಸ್ಸಿನ ಕಿಟಕಿಯಿಂದ ಕೆಸರನ್ನು ನೋಡಿ ತೊಟ್ಟಿಲು ಹೋಯಿತು ಅಂದುಕೊಂಡವನು ನಾನೇ. ಹಾಗಾದರೆ ಇದು ಆಮೇಲೆ ಬಂದು ಸೇರಿದ್ದು. ಬೇರೆಯವರ ಬರವಣಿಗೆಯಲ್ಲಿ ಇಂಥದ್ದು ಕಂಡರೆ ನಾನು ಕೆಂಪು ಗೆರೆ ಎಳೆಯುತ್ತೇನೆ. ಬಾಬು ಆಚಾರಿ ತೀರಿಕೊಂಡು ಆರು ವರ್ಷ. ಅವರ ಗುಂಡುಕಲ್ಲನ್ನು ಹಿಂದೆ ಕೊಡಲೇ ಇಲ್ಲ. ಈಗ ಆಧಾರವೆಂದು ಉಳಿದಿರುವುದು ಅಡಕೆಯ ಆ ಸಲಾಕೆ ಒಂದೇ. ಯಾರೋ ಅವಸರದಲ್ಲಿ ಹಾಕಿದ್ದು ಎಂಬುದನ್ನು ಅದು ಹೇಳುತ್ತದೆ. ಯಾಕೆ ಎಂಬುದನ್ನು ಹೇಳುವುದಿಲ್ಲ.

ಇದನ್ನೆಲ್ಲ ನಾನು ವಾಸುದೇವ ಮಾಸ್ಟ್ರಿಗೆ ಹೇಳಲಿಲ್ಲ. ಪಟ್ಟಿಯನ್ನು ಹಿಂದೆ ಕೊಟ್ಟು, ನಿಮಗೆ ಒಂದು ಒಳ್ಳೆಯ ಕೊಡೆ ತೆಗೆದುಕೊಳ್ಳಿ, ಬಸ್ಸಿಗೆ ಕಾಯುವುದು ಬಹಳ ಇರುತ್ತದೆ ಎಂದೆ. ಅವರ ಮುಖ ಬಾಡಿತು. ವಿಚಾರವಾದಿ ಎಂದು ನಂಬಿ ಬಂದಿದ್ದರು, ಸಿಕ್ಕಿದ್ದು ಸುಸ್ತಾದ ಮನುಷ್ಯ. ತೊಟ್ಟಿಲಾದರೂ ಮೊದಲೇ ಬೇಡವೇ ಸಾರ್ ಎಂದು ಕೇಳಿದರು.

ಅಷ್ಟರಲ್ಲಿ ಸುನಂದೆ ಕಾಫಿ ತಂದಳು. ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಲೋಟ ಅವರ ಕೈಗೆ ಕೊಟ್ಟು, ತೊಟ್ಟಿಲು ನಮ್ಮ ಅಟ್ಟದಲ್ಲಿ ಇದೆ, ಅದರ ಯೋಚನೆ ಬೇಡ ಎಂದಳು. ಎಷ್ಟು ಮಕ್ಕಳು ಮಲಗಿದ್ದು ಎಂದು ವಾಸುದೇವ ಮಾಸ್ಟ್ರು ಕೇಳಿದರು. ಹೆಂಡತಿಯ ಮನೆಯವರು ಅದನ್ನೇ ಮೊದಲು ಕೇಳುತ್ತಾರೆಂದು ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

"ನಾಲ್ಕು. ನಾಲ್ಕೂ ಚೆನ್ನಾಗಿ ಉಂಟು" ಎಂದಳು ಸುನಂದೆ.

ಅವರು ಒಳಗಿನ ಗಲಾಟೆಯ ಕಡೆ ನೋಡಿದರು. ಮೂರು ಧ್ವನಿಗಳು ಸ್ಪಷ್ಟವಾಗಿ 'ನಾನಲ್ಲ' ಎನ್ನುತ್ತಿದ್ದವು. ಇನ್ನೊಂದು ಮಗು ಎಲ್ಲಿ ಎಂದು ಅವರು ಕೇಳಲಿಲ್ಲ. ಅಟ್ಟಕ್ಕೆ ಹೋದ ಸುನಂದೆ ಇಳಿದು ಬಂದಾಗ ಅವಳ ಕೈಯಲ್ಲಿ ತೊಟ್ಟಿಲು ಇರಲಿಲ್ಲ. ಆ ಸಲಾಕೆ ಮಾತ್ರ ಇತ್ತು, ತುದಿಯಲ್ಲಿ ಜೇಡರ ಬಲೆ. ಸೆರಗಿನಲ್ಲಿ ಒರೆಸಿ ಅವರಿಗೆ ಕೊಟ್ಟಳು.

"ಇದನ್ನು ಇಟ್ಟುಕೊಳ್ಳಿ. ಮಗು ಅತ್ತ ಸುದ್ದಿ ಬಂದ ದಿನ ಹಿಂದೆ ತನ್ನಿ. ನೀವೇ ಸಿಕ್ಕಿಸಿ, ತೊಟ್ಟಿಲು ತೆಗೆದುಕೊಂಡು ಹೋಗುವಿರಂತೆ. ಕಲ್ಲು ನಾನು ಕೊಡ್ತೇನೆ."

ವಿಜ್ಞಾನದ ಮಾಸ್ಟ್ರು ಅದನ್ನು ತಿರುಗಿಸಿ ನೋಡಿದರು. ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ. ಕೊನೆಗೆ ಇಂಗ್ಲಿಷ್ ಪತ್ರಿಕೆಯ ಕಾಗದವನ್ನೇ ಸಲಾಕೆಗೆ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಗುಡ್ಡ ಇಳಿದರು.

ಚಾವಡಿಯಲ್ಲಿ ನಾವಿಬ್ಬರೇ ಉಳಿದೆವು. ಹದಿನಾಲ್ಕು ವರ್ಷ ಹೇಳದೆ ಉಳಿದದ್ದನ್ನು ಹೇಳಲು ಅದು ಒಳ್ಳೆಯ ಹೊತ್ತೇನೂ ಅಲ್ಲ. ಆದರೂ ಹೇಳಿದೆ, ಐಸಮ್ಮನ ಕೂಸನ್ನು ನಾನು ಆ ದಿನ ನೋಡಿರಲಿಲ್ಲ ಎಂದು.

"ಗೊತ್ತುಂಟು" ಎಂದಳು. "ನಿಜ ಹೇಳಲಿಕ್ಕೆ ನಿಮಗೆ ಹತ್ತು ವಾಕ್ಯ ಬೇಕು. ಸುಳ್ಳಾದರೆ ಒಂದೇ ಶಬ್ದ. ಅಮ್ಮನಿಗೂ ಗೊತ್ತಾಗಿರಬೇಕು."

ಆಮೇಲಾದರೂ ಐಸಮ್ಮನ ಹತ್ತಿರ ಕೇಳಿದ್ದೀಯಾ ಎಂದೆ. ಇಲ್ಲ, ನೀವು ಕೇಳಿದ್ದೀರಾ ಎಂದಳು. ನಾನೂ ಇಲ್ಲ. ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡಳು.

"ಹಾಗಾದರೆ ಅಂದು ಯಾಕೆ ಒಳಗೆ ತನ್ನಿ ಅಂದದ್ದು?"

"ಮತ್ತೆ? ಆ ಮನೆಯ ಮೆಟ್ಟಲಿಂದ ಇನ್ನೊಂದು ಖಾಲಿ ತೊಟ್ಟಿಲನ್ನು ಹಿಂದೆ ಕಳಿಸಲಿಕ್ಕೆ ಆಗ್ತದಾ?"

ಅವಳು ಒಳಗೆ ಹೋದಳು. ಪರೀಕ್ಷೆಯ ಕಾಗದದ ಕಟ್ಟನ್ನು ಎತ್ತಿಕೊಂಡು ನಾನೂ ಎದ್ದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಳೆಗೊನೆ ನನ್ನ ಹಣೆಗೆ ತಾಗಿತು.